ರಾಣಿಯ ಎಡಗೈ

ಮದುವೆಯಾದ ಆರು ತಿಂಗಳೊಳಗೆ ಹೆಸ್ಟರ್‌ಗೆ ಒಂದು ಸಂಗತಿ ಖಾತ್ರಿಯಾಯಿತು. ತನ್ನ ಗಂಡನಿಗೆ ಎಡ ಯಾವುದು, ಬಲ ಯಾವುದು ಗೊತ್ತಿಲ್ಲ. ಚರ್ಚಿನಿಂದ ಹೊರಬಿದ್ದು ಎಡಕ್ಕೆ ತಿರುಗಿದರೆ ಮನೆ. ಲೂಕ್ ಪೆನ್‌ಫೋಲ್ಡ್ ಬಲಕ್ಕೆ ತಿರುಗಿ, ತನ್ನಷ್ಟಕ್ಕೆ ಏನೋ ಯೋಚಿಸುತ್ತ, ಕಾಲುವೆಯ ದಂಡೆಯವರೆಗೂ ಹೋಗಿ ಕಲ್ಲಿದ್ದಲಿನ ದೋಣಿಗಳನ್ನು ನೋಡುತ್ತ ನಿಂತುಬಿಡುತ್ತಿದ್ದ. ಎಡಗಡೆ ಗೂಟಕ್ಕೆ ಹಾಕಿದ್ದೇನೆ ಎಂದು ಅವನು ಆಣೆಯಿಟ್ಟು ಹೇಳಿದ ಟೋಪಿ ಬಲಗಡೆ ಗೂಟದಲ್ಲಿ ಸಿಗುತ್ತಿತ್ತು. ಕುಡಿತದ ಚಟ ಇರಬೇಕು ಎಂದು ಪೆಂಟನ್‌ವಿಲ್ ಬಡಾವಣೆಯ ಆ ಬೀದಿಯ ಹೆಂಗಸರು ಮೊದಮೊದಲು ಆಡಿಕೊಂಡರು. ಪಾಪ, ಶನಿವಾರಕ್ಕೊಂದು ಲೋಟ ಬಿಯರು ಬಿಟ್ಟರೆ ಅವನು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅದು ಕುಡಿತದ ದೋಷವಲ್ಲ, ಕಸುಬಿನ ದೋಷ.

ಲೂಕ್ ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತುವವನು. ತಗಡಿನಲ್ಲಿ ಎಡಕ್ಕೆ ಕೆತ್ತಿದ್ದು ಕಾಗದದ ಮೇಲೆ ಬಲಕ್ಕೆ ಅಚ್ಚಾಗುತ್ತದೆ. ಆದ್ದರಿಂದ ಚಿತ್ರಕಾರನ ಬಣ್ಣದ ಚಿತ್ರವನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಎದುರಿಗೆ ಕನ್ನಡಿ ಇಟ್ಟುಕೊಂಡು, ಕನ್ನಡಿಯಲ್ಲಿ ಕಂಡದ್ದನ್ನು ತಗಡಿಗೆ ಇಳಿಸುತ್ತಿದ್ದ. ಹದಿನಾಲ್ಕನೇ ವಯಸ್ಸಿನಿಂದ ದಿನಕ್ಕೆ ಹತ್ತು ಗಂಟೆ ಆ ಕನ್ನಡಿಯೊಳಗೇ ಅವನ ವಾಸ. ಅಲ್ಲಿ ರಾಜರು ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದರು, ಪಾದ್ರಿಗಳು ಎಡಗೈಯಲ್ಲಿ ಆಶೀರ್ವಾದ ಮಾಡುತ್ತಿದ್ದರು. ಅಂಥವನಿಗೆ ಟೋಪಿಯ ಗೂಟ ಎಲ್ಲಿ ನೆನಪಿರಬೇಕು?

ಹೆಸ್ಟರ್ ಇದಕ್ಕೊಂದು ದಾರಿ ಕಂಡುಕೊಂಡಳು. "ಅವರು ಎಡ ಅಂದ್ರೆ ಬಲ ಅಂತ ತಿಳ್ಕೊಳ್ಳೋದು, ಬಲ ಅಂದ್ರೆ ಎಡ. ಗಂಡನ್ನ ತಿದ್ದೋದಕ್ಕಿಂತ ಇದು ಸುಲಭ ಕಣೇ" ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಮೂವತ್ತು ವರ್ಷ ಈ ಏರ್ಪಾಡು ಒಂದು ದಿನವೂ ಕೈಕೊಡಲಿಲ್ಲ.

ಅವರಿಬ್ಬರ ಭೇಟಿಯೂ ಈ ಕಸುಬಿನಿಂದಲೇ ಆದದ್ದು. ಹೆಸ್ಟರ್ ಆಗ ಹರಿದ ಲೇಸಿಗೆ ಹೊಲಿಗೆ ಹಾಕುವ ಅಂಗಡಿಯಲ್ಲಿದ್ದಳು. ಲೂಕ್ ಬಂದು, ಚಿತ್ರವೊಂದರಲ್ಲಿ ಸೆರೆಮನೆಯಲ್ಲಿ ಸಾಯುತ್ತಿರುವ ಯಾವನೋ ಪ್ರಭುವಿನ ಕತ್ತುಪಟ್ಟಿ ಕೆತ್ತಬೇಕೆಂದು ಒಂದು ತುಂಡು ಹಳೆಯ ಲೇಸನ್ನು ಎರವಲು ಕೇಳಿದ. ಎರಡು ತಿಂಗಳ ನಂತರ ಲೇಸನ್ನು ವಾಪಸು ತಂದುಕೊಟ್ಟ, ಜೊತೆಗೆ ಅಚ್ಚಾದ ಚಿತ್ರವನ್ನೂ. ಹೆಸ್ಟರ್ ಕಿಟಕಿಯ ಹತ್ತಿರ ಹೋಗಿ ನೋಡಿದಳು. ಲೇಸಿನ ಒಂದೊಂದು ಕಣ್ಣೂ ಅಲ್ಲಿತ್ತು. ಇವಳು ಎಣಿಸಿದಳು. ಒಂದು ಸಾಲಿನಲ್ಲಿ ನಲವತ್ತೆರಡು, ಕಾಗದದ ಮೇಲೂ ನಲವತ್ತೆರಡು. ಮೂಲೆಯಲ್ಲಿ ಇವಳು ಅವಸರದಲ್ಲಿ ಹಾಕಿದ್ದ ಒಂದು ಕೆಟ್ಟ ಗಂಟೂ ಬಿಟ್ಟುಹೋಗಿರಲಿಲ್ಲ.

"ನನ್ನ ತಪ್ಪನ್ನೂ ಕೆತ್ತಿಬಿಟ್ಟಿದ್ದೀರಲ್ರೀ!"

"ಅದು ಅಲ್ಲಿತ್ತು. ಇರೋದನ್ನ ಇಲ್ಲ ಅನ್ನೋಕೆ ನಾನ್ಯಾರು?" ಎಂದ ಲೂಕ್, ಕಿವಿಯವರೆಗೂ ಕೆಂಪಾಗಿ.

ಅವಳು ಅವತ್ತೇ ಸೋತುಹೋದಳು. ಅಂಗಡಿಯ ಒಡತಿ ಮಾತ್ರ ಮೂಗು ಮುರಿದಳು. "ಬೇರೆಯವರು ಬರೆದದ್ದನ್ನ ನಕಲು ಮಾಡೋನು. ಅವನನ್ನ ನೋಡಿ ಮರುಳಾದ್ಯಲ್ಲೇ!"

ನಕಲು ಎನ್ನುವ ಈ ಮಾತು ಲೂಕ್‌ನ ಬೆನ್ನಿಗೆ ಜೀವಮಾನವಿಡೀ ಅಂಟಿಕೊಂಡಿತ್ತು. ಅದನ್ನು ಆಡಿದವರ ಕೈಗೆ ಒಮ್ಮೆ ಉಳಿಯನ್ನು ಕೊಟ್ಟು ನೋಡಬೇಕಿತ್ತು. ಚಿತ್ರಕಾರನಿಗೇನು, ಹತ್ತು ಬಣ್ಣ ಇದೆ, ಕುಂಚ ಇದೆ, ತಪ್ಪಾದರೆ ಮೇಲೊಂದು ಬಳಿದರಾಯಿತು. ಇವನಿಗೆ ಇರುವುದು ಗೆರೆಯೊಂದೇ. ರೇಷ್ಮೆಯೂ ಗೆರೆಯಲ್ಲೇ ಹೊಳೆಯಬೇಕು, ಕಬ್ಬಿಣವೂ ಗೆರೆಯಲ್ಲೇ ತಣ್ಣಗಿರಬೇಕು, ಹುಡುಗಿಯ ಕೆನ್ನೆಯೂ ಮುದುಕನ ಗಡ್ಡವೂ ಕಣ್ಣೀರೂ ಹೊಗೆಯೂ ಎಲ್ಲ ಗೆರೆಯೇ. ಆ ಗೆರೆ ಕೂದಲಿನಷ್ಟು ಸಣ್ಣಗೆ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಕೂದಲಾಗಿ ಮಾಯವಾಗಬೇಕು. ಉಳಿಯ ಮರದ ಹಿಡಿಯನ್ನು ಅಂಗೈಗೆ ಒತ್ತಿಕೊಂಡು ಮುಂದಕ್ಕೆ ನೂಕುವುದಷ್ಟೇ ಬಲಗೈಯ ಕೆಲಸ. ಗೆರೆ ಬಳುಕಬೇಕೆಂದರೆ ಉಳಿಯನ್ನು ತಿರುಗಿಸುವುದಿಲ್ಲ, ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನೇ ಎಡಗೈಯಿಂದ ತಿರುಗಿಸುತ್ತಾರೆ. ಮೂವತ್ತು ವರ್ಷ ನೋಡಿದರೂ ಹೆಸ್ಟರ್‌ಗೆ ಅದು ಸಾಕೆನಿಸಲಿಲ್ಲ. ಉಳಿ ನಿಂತಲ್ಲೇ ಇದ್ದು ಲೋಕವೇ ಅದರ ಕೆಳಗೆ ಮೆಲ್ಲಗೆ ತಿರುಗಿದಂತೆ ಅವಳಿಗೆ ಕಾಣುತ್ತಿತ್ತು.

ಹಾಗೆ ಅವನು ಏನೆಲ್ಲ ಕೆತ್ತಿದ! ಕ್ರಿಸ್‌ಮಸ್ ಉಡುಗೊರೆಯ ಪುಸ್ತಕಗಳಿಗೆ ಮೂರ್ಛೆ ಹೋಗುವ ನಾಯಕಿಯರು, ನಾಟಕದ ವಿದೂಷಕರು, ಒಡೆದ ಹಡಗುಗಳು, ಯುದ್ಧದ ಹಿಂದಿನ ದಿನದ ರಾಜರು, ಯುದ್ಧದ ಮರುದಿನದ ಹೆಣಗಳು. ಚಿತ್ರದ ಕೆಳಗೆ ಎಡಮೂಲೆಯಲ್ಲಿ ಚಿತ್ರಕಾರನ ಹೆಸರು, ಬಲಮೂಲೆಯಲ್ಲಿ ಇರುವೆಯ ಸಾಲಿನಂತೆ ಇವನ ಹೆಸರು. ಪುಸ್ತಕ ತೆರೆದವರು ನಾಯಕಿಯನ್ನು ನೋಡಿ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತಿದ್ದರು. ಇರುವೆಯ ಸಾಲನ್ನು ಓದಿದವರು ಯಾರೂ ಇಲ್ಲ.

ಐವತ್ತನಾಲ್ಕನೇ ವಯಸ್ಸಿನಲ್ಲಿ ಅವನಿಗೆ ದೊಡ್ಡ ತಗಡು ಸಿಕ್ಕಿತು. ಚಿತ್ರಗಳನ್ನು ಅಚ್ಚುಹಾಕಿಸಿ ಮಾರುವ ಹಾರ್ಬಿನ್ ಎಂಬ ದೊರೆ, ಊಟದ ಮೇಜಿನಷ್ಟು ಅಗಲದ ಚಿತ್ರವೊಂದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದು ಮನೆಯೊಳಗೆ ಇಳಿಸಿದ. ಕೋಟೆಯೊಂದರಲ್ಲಿ ಸೆರೆಯಾದ ರಾಣಿ ಕಿರೀಟ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುತ್ತಿದ್ದಾಳೆ. ಸುತ್ತ ಕಬ್ಬಿಣದ ಅಂಗಿ ತೊಟ್ಟ ಪ್ರಭುಗಳು, ಮೂಲೆಯಲ್ಲಿ ಅಳುವ ದಾಸಿ. ರಾಣಿಯ ಬಲಗೈಯಲ್ಲಿ ಗರಿಯ ಲೇಖನಿ. ಎಡಗೈ ಪತ್ರದ ಅಂಚಿನ ಮೇಲೆ. ಐದು ವರ್ಷದ ಕೆಲಸ.

"ಇದೊಂದು ನನ್ನ ಹೆಸರಲ್ಲಿ ಉಳೀಲಿ ಹೆಟ್ಟಿ. ಉಳಿದದ್ದೆಲ್ಲ ಹೋದ್ರೂ ಹೋಗ್ಲಿ" ಎಂದ ಲೂಕ್ ಅವತ್ತು. ಹೆಂಡತಿಯನ್ನು ಅವನು ಕರೆಯುತ್ತಿದ್ದದ್ದು ಹಾಗೆ.

ಎರಡು ವರ್ಷ ಪ್ರಭುಗಳ ಕಬ್ಬಿಣಕ್ಕೆ ಹೋಯಿತು, ಒಂದು ವರ್ಷ ರಾಣಿಯ ಕಪ್ಪು ಮಖಮಲ್ಲಿಗೆ. ಬೀದಿಯ ತುದಿಯಲ್ಲಿ ಫೋಟೋ ತೆಗೆಯುವವನೊಬ್ಬ ಅಂಗಡಿ ತೆರೆದ. "ಅಲ್ಲಿ ಸೂರ್ಯ ಒಂದು ನಿಮಿಷಕ್ಕೆ ಮುಗಿಸ್ತಾನೆ. ನಿಮ್ಮ ಯಜಮಾನ್ರು ಇನ್ನೂ ತೋಳಿನ ಮಡಿಕೆಯಲ್ಲೇ ಇದ್ದಾರಾ?" ಎಂದು ರೊಟ್ಟಿಯಂಗಡಿಯವನು ಹೆಸ್ಟರಳನ್ನು ಕೆಣಕಿದ. "ಸೂರ್ಯನಿಗೆ ರಾಣಿ ಎಲ್ಲಿ ಸಿಕ್ತಾಳಪ್ಪಾ? ನಿನ್ನ ಮುಖಾನೇ ತೆಗೀಬೇಕು" ಎಂದು ಅವಳೂ ಬಿಡಲಿಲ್ಲ.

ನಾಲ್ಕನೇ ವರ್ಷ ರಾಣಿಯ ಎಡಗೈಗೆ ಬಂದಾಗ ಲೂಕ್ ತಡೆದು ನಿಂತ. ಚಿತ್ರಕಾರ ಆ ಕೈಯನ್ನು ಸರಿಯಾಗಿ ಬರೆದೇ ಇರಲಿಲ್ಲ. ನೆರಳಿನಲ್ಲಿ ಒಂದು ಬಿಳಿಯ ಬಳಿತ, ಅಷ್ಟೇ. ದೂರದಿಂದ ಕೈ, ಹತ್ತಿರ ಹೋದರೆ ಏನೂ ಇಲ್ಲ. ಬಣ್ಣದಲ್ಲಿ ಇಂಥ ಸೋಮಾರಿತನ ನಡೆಯುತ್ತದೆ. ತಾಮ್ರದಲ್ಲಿ ನಡೆಯುವುದಿಲ್ಲ, ಒಂದೊಂದು ಗೆರೆಗೂ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿರಬೇಕು. ಚಿತ್ರಕಾರನನ್ನು ಕೇಳೋಣವೆಂದರೆ ಆತ ತೀರಿಹೋಗಿ ವರ್ಷವಾಗಿತ್ತು.

"ಹೆಟ್ಟಿ, ಬಂದು ಎದುರಿಗೆ ಕೂತ್ಕೋ. ಉಂಗುರ ತೆಗ್ದಿಡು, ರಾಣಿಗೆ ಉಂಗುರ ಇಲ್ಲ. ಕೈಯನ್ನ ಈ ಕಾಗದದ ಮೇಲೆ ಇಡು, ಹೆಬ್ಬೆರಳು ಕಾಗದದ ಕೆಳಗಿರಲಿ, ನಾಲ್ಕು ಬೆರಳು ಮಾತ್ರ ಕಾಣ್ಲಿ. ಬಲಗೈ."

ಈ ಒಂದು ಸಲ ಲೂಕ್ ಸರಿಯಾಗಿ ಯೋಚಿಸಿ ಹೇಳಿದ್ದ. ಇಲ್ಲಿ ಕನ್ನಡಿ ಇರಲಿಲ್ಲ, ಹೆಂಡತಿಯ ಕೈಯನ್ನು ನೇರವಾಗಿ ನೋಡಿ ಕೆತ್ತುವುದು. ತಗಡಿನಲ್ಲಿ ಬಲಗೈ ಕೆತ್ತಿದರೆ ಕಾಗದದಲ್ಲಿ ಅದು ಎಡಗೈಯಾಗಿ ಬರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹೆಸ್ಟರ್ ಮೂವತ್ತು ವರ್ಷದ ರೂಢಿಯಂತೆ, ಗಂಡ ಬಲ ಎಂದನಲ್ಲ ಎಂದು, ಎರಡನೇ ಯೋಚನೆಯಿಲ್ಲದೆ ಎಡಗೈ ಇಟ್ಟಳು.

ಕಿಟಕಿಗೆ ಬಿಳಿಯ ತೆಳುಕಾಗದ ಅಂಟಿಸಿದ್ದರಿಂದ ಕೋಣೆಯಲ್ಲಿ ಹಾಲಿನಂಥ ಬೆಳಕು. ಲೂಕ್ ಭೂತಗನ್ನಡಿಯಿಂದ ಅವಳ ಬೆರಳುಗಳನ್ನೇ ನೋಡಿದ, ತಗಡು ನೋಡಿದ, ಮತ್ತೆ ಬೆರಳು. ಹೆಬ್ಬೆರಳು ಕಾಣುತ್ತಿರಲಿಲ್ಲವಾದ್ದರಿಂದ ಯಾವ ಕೈ ಎಂದು ಒಂದು ನೋಟಕ್ಕೆ ಹೇಳುವಂತಿರಲಿಲ್ಲ. ಕಿರುಬೆರಳು ಯಾವ ಕಡೆಗಿದೆ ಎಂದು ಹುಡುಕಿ ನೋಡಿದರೆ ಮಾತ್ರ ಗೊತ್ತಾಗಬೇಕು. ಏಳು ವಾರ ಅವಳು ಹಾಗೆ ಕೂತಳು. ಅವನು ಕೆತ್ತಿದ್ದರಲ್ಲಿ ಆ ಕೈಯಷ್ಟು ಚೆಂದದ್ದು ಮತ್ತೊಂದಿರಲಿಲ್ಲ.

ಐದನೇ ವರ್ಷ, ತಗಡು ಮುಗಿಯಲು ಕೆಲವೇ ವಾರ ಇದ್ದಾಗ, ಲೂಕ್‌ನ ಕಣ್ಣಿಗೆ ಮಂಜು ಕವಿಯಿತು. ಕಣ್ಣಿನ ವೈದ್ಯರು ದೀಪ ಹಿಡಿದು ನೋಡಿ, ಹೆಸ್ಟರಳನ್ನು ಪಕ್ಕಕ್ಕೆ ಕರೆದು ಹೇಳಿದರು. "ಈ ತಗಡು ಮುಗೀಲಿ, ಆಮೇಲೆ ಉಳಿ ಮುಟ್ಟಿಸ್ಬೇಡಿ ತಾಯಿ. ಇನ್ನೂ ಮೂರು ತಿಂಗಳು ಹೀಗೇ ದುಡಿದ್ರೆ ನಿಮ್ಮ ಮುಖ ಕೂಡ ಅವರಿಗೆ ಕಾಣೋಲ್ಲ." ಅವಳು ದಿನ ಎಣಿಸಿದಳು. ತಗಡು ಮುಗಿಯಿತು, ಕಣ್ಣು ಇನ್ನೂ ಉಳಿದಿತ್ತು. ದೇವರು ದೊಡ್ಡವನು ಎಂದುಕೊಂಡಳು.

ಮೊದಲ ಅಚ್ಚು ತೆಗೆಯುವ ದಿನ ಗಂಡ ಹೆಂಡತಿ ಇಬ್ಬರೂ ಓಬೆಡ್ ಕ್ರಿಚ್‌ನ ಅಚ್ಚಿನ ಮನೆಗೆ ಹೋದರು. ಹಾರ್ಬಿನ್ ದೊರೆಯೂ ಬಂದಿದ್ದ. ಕ್ರಿಚ್ ನಲವತ್ತು ವರ್ಷದಿಂದ ತಾಮ್ರದ ಅಚ್ಚು ತೆಗೆಯುವವನು, ಅವನ ಅಂಗೈ ಯಾವ ಸಾಬೂನಿಗೂ ಬಗ್ಗದಷ್ಟು ಕಪ್ಪು. ಬೆಚ್ಚಗಿನ ತಗಡಿಗೆ ಮಸಿ ಮೆತ್ತಿ, ಬಟ್ಟೆಯಿಂದ ಒರೆಸಿ, ಕೊನೆಗೆ ಸುಣ್ಣದ ಪುಡಿ ಹಚ್ಚಿಕೊಂಡ ಬರಿಯ ಅಂಗೈಯಿಂದ ಸವರಿದ, ಎಳೆಮಗುವಿನ ಬೆನ್ನು ಸವರಿದ ಹಾಗೆ. ಗೆರೆಯೊಳಗಿನ ಮಸಿ ಬಿಟ್ಟು ಮಿಕ್ಕಿದ್ದೆಲ್ಲ ಹೋಗಿ ತಾಮ್ರ ಫಳಫಳ ಹೊಳೆಯಿತು. ಒದ್ದೆ ಕಾಗದ, ಅದರ ಮೇಲೆ ಕಂಬಳಿ. ಯಂತ್ರದ ಚಕ್ರಕ್ಕೆ ಕಾಲು ಕೊಟ್ಟು ಎಳೆದ. ಉರುಳೆ ನರಳಿತು. ಕಾಗದದ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದ.

ಐದು ವರ್ಷ ಹಿಂದುಮುಂದಾಗಿದ್ದ ಲೋಕ ನೆಟ್ಟಗೆ ನಿಂತಿತ್ತು. ಪ್ರಭುಗಳ ಎದೆಗವಚದ ಮೇಲೆ ಕಿಟಕಿಯ ಬೆಳಕು, ರಾಣಿಯ ಮಖಮಲ್ಲು ಕೈಯಿಟ್ಟರೆ ಹೂತುಹೋಗುವಷ್ಟು ದಪ್ಪ, ದಾಸಿಯ ಕೆನ್ನೆಯಲ್ಲಿ ಒಂದು ಹನಿ. ಎಲ್ಲ ಬರೀ ಕಪ್ಪು ಗೆರೆ. ಹಾರ್ಬಿನ್ ಟೋಪಿ ತೆಗೆದ.

"ಪೆನ್‌ಫೋಲ್ಡ್, ನಿಮ್ಮನ್ನ ನಕಲು ಮಾಡೋರು ಅಂದೋರ ಬಾಯಿಗೆ ಮಣ್ಣು ಬೀಳ! ಬುಧವಾರ ಅಚ್ಚು ಶುರು."

ಹೆಸ್ಟರಳ ಕಣ್ಣು ರಾಣಿಯ ಎಡಗೈಗೆ ಹೋಯಿತು. ತನ್ನದೇ ಕೈ! ಅವಳು ಹಿಗ್ಗಿ ನಕ್ಕಳು. ರಾಣಿ ಕೂತ ಹಾಗೇ ತಾನೂ ತೋಳು ಚಾಚಿ, ಎಡಗೈಯನ್ನು ಚಿತ್ರದ ಪಕ್ಕ ಹಿಡಿದು ನೋಡಿದಳು. ಕೂಡಲಿಲ್ಲ. ಬಲಗೈ ಹಿಡಿದಳು. ಸರಿಯಾಗಿ ಕೂಡಿತು. ರಾಣಿಯ ಎಡತೋಳಿನ ತುದಿಯಲ್ಲಿ ಬಲಗೈ ಇತ್ತು. ಕಿರುಬೆರಳು ಇರಬೇಕಾದ ಕಡೆ ತೋರುಬೆರಳು, ತೋರುಬೆರಳು ಇರಬೇಕಾದ ಕಡೆ ಕಿರುಬೆರಳು. ರಾಣಿಗೆ ಎರಡು ಬಲಗೈ.

ಹಾರ್ಬಿನ್‌ಗೆ ಕಂಡಿರಲಿಲ್ಲ, ಕ್ರಿಚ್‌ಗೆ ಕಂಡಿರಲಿಲ್ಲ, ಲೂಕ್‌ಗೂ ಕಂಡಿರಲಿಲ್ಲ. ಆದರೆ ಒಮ್ಮೆ ಕಂಡ ಮೇಲೆ ಅವಳಿಗೆ ಚಿತ್ರದಲ್ಲಿ ಬೇರೇನೂ ಕಾಣದಾಯಿತು.

ಅವಳು ಮನೆಗೆ ಬಂದು ಕುರಿಮಾಂಸ ಬೇಯಿಸಿದಳು, ಉಪ್ಪು ಎರಡು ಸಲ ಹಾಕಿದಳು. ಹೇಳಿದರೆ ಅವನು ಸುಮ್ಮನೆ ಬಿಡುವ ಪೈಕಿ ಅಲ್ಲ. ಆ ಕೈಯನ್ನು ಅಳಿಸಿ ಮತ್ತೆ ಕೆತ್ತುತ್ತಾನೆ, ಎರಡು ಮೂರು ತಿಂಗಳು. ಅಲ್ಲಿಗೆ ಕಣ್ಣು ಮುಗಿಯಿತು. ಹೇಳದಿದ್ದರೆ ಕಣ್ಣು ಉಳಿಯುತ್ತದೆ, ಸಾವಿರ ಮನೆಯ ಗೋಡೆಯ ಮೇಲೆ ಎರಡು ಬಲಗೈಯ ರಾಣಿ ನೇತಾಡುತ್ತಾಳೆ, ಬಲಮೂಲೆಯಲ್ಲಿ ಲೂಕ್‌ನ ಹೆಸರು. ಯಾರಿಗೂ ಗೊತ್ತಾಗಲಿಕ್ಕಿಲ್ಲ. ಯಾರಿಗೋ ಒಬ್ಬರಿಗೆ ಗೊತ್ತಾಗಲೂಬಹುದು. ತಪ್ಪು ಮಾಡಿದ್ದು ತಾನು, ತೆರಬೇಕಾದದ್ದು ಅವನ ಕಣ್ಣು. ಅವಳಿಗೆ ತನ್ನ ಕೈಯನ್ನೇ ಕಡಿದು ಹಾಕುವಷ್ಟು ಸಿಟ್ಟು ಬಂತು.

ಸೋಮವಾರ ಬೆಳಗಿನ ಚಹಾದ ಹೊತ್ತಿಗೆ ಲೂಕ್ ಕೇಳಿದ. "ಎರಡು ದಿನದಿಂದ ನೋಡ್ತಿದ್ದೀನಿ. ಕೈಯನ್ನ ಮೇಜಿನ ಮೇಲೆ ಇಡ್ತೀಯ, ತೆಗೀತೀಯ. ನೋವಾ?"

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಅವಳು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಎದುರಿಗೆ ಕೂತವನು, ಇರುವುದನ್ನು ಇಲ್ಲ ಅನ್ನೋಕೆ ನಾನ್ಯಾರು ಎಂದು ಒಂದು ಕೆಟ್ಟ ಗಂಟನ್ನು ಮೂರು ದಿನ ಕೂತು ಕೆತ್ತಿದ್ದ ಮನುಷ್ಯ.

"ಮಿಸ್ಟರ್ ಪೆನ್‌ಫೋಲ್ಡ್," ಎಂದಳು. ಜಗಳವಾದಾಗ ಮಾತ್ರ ಅವಳು ಹಾಗೆ ಕರೆಯುತ್ತಿದ್ದದ್ದು. "ಅವತ್ತು ನೀವು ನನ್ನ ಯಾವ ಕೈ ಕೇಳಿದ್ರಿ?"

"ಬಲಗೈ."

"ನಾನು ಎಡಗೈ ಕೊಟ್ಟೆ."

ಲೂಕ್ ಚಹಾದ ಬಟ್ಟಲು ಕೆಳಗಿಟ್ಟ. ಅಚ್ಚಿನ ಪ್ರತಿ ತಂದ, ಕಿಟಕಿಗೆ ಹಿಡಿದ, ಭೂತಗನ್ನಡಿ ಇಟ್ಟ. ತುಂಬ ಹೊತ್ತು ನೋಡಿದ. ಭುಜ ಅಲುಗಿದ್ದು ಕಂಡು, ಅಳುತ್ತಿದ್ದಾನೆಂದು ಅವಳು ಹತ್ತಿರ ಓಡಿದಳು. ತಿರುಗಿದಾಗ ನೋಡಿದರೆ ಅವನು ನಗುತ್ತಿದ್ದ.

"ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಸರಿಯಾಗಿ ಹೇಳಿದ್ದು ಕಣೇ! ಅವತ್ತೇ ನಂಬ್ಲಿಲ್ವಲ್ಲ ನೀನು!"

"ನಗಬೇಡಿ! ಉಂಗುರ ತೆಗೆಸಿದ್ದು ಯಾರು? ಮದುವೆ ಉಂಗುರ ಎಡಗೈಲಿ ತಾನೆ, ಅದಿದ್ದಿದ್ರೆ ಆಗ್ಲೇ ಗೊತ್ತಾಗ್ತಿತ್ತು." ಅವಳು ಅತ್ತುಬಿಟ್ಟಳು. "ಬಿಟ್ಬಿಡು ಲೂಕ್. ಯಾರಿಗೂ ಕಾಣ್ಲಿಲ್ಲ. ವೈದ್ಯರು ಏನಂದ್ರು ಗೊತ್ತಾ ನಿಂಗೆ?"

"ಗೊತ್ತು. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗೇ ಇದೆ. ಬಾಗಿಲ ಸಂದಿಯಲ್ಲಿ ಕೇಳಿಸ್ತು."

"ಮತ್ತೆ?"

"ಮತ್ತೇನು, ನಿಂಗೆ ಕಂಡಿತಲ್ಲ" ಎಂದ ಅವನು.

ಬುಧವಾರ ಅಚ್ಚು ಶುರುವಾಗಲಿಲ್ಲ. ಹಾರ್ಬಿನ್ ಕೂಗಾಡಿ ಹೋದ. ಲೂಕ್ ಆ ಕೈಯನ್ನು, ಏಳು ವಾರದ ಕೈಯನ್ನು, ಮೂರು ಅಂಚಿನ ಉಕ್ಕಿನಿಂದ ಹೆರೆದು ಹಾಕಿದ. ಹೆಸ್ಟರ್‌ಗೆ ತನ್ನ ಚರ್ಮವನ್ನೇ ಸುಲಿದಂತಾಯಿತು. ಹೆರೆದ ಜಾಗ ತಗ್ಗಾಯಿತು. ತಗ್ಗಿದ್ದರೆ ಮಸಿ ನಿಂತು ಕೊಳೆಯಾಗಿ ಅಚ್ಚಾಗುತ್ತದೆ, ಆದ್ದರಿಂದ ಹಿಂದಿನಿಂದ ಬಡಿದು ಮೇಲೆತ್ತಬೇಕು. ಸೊಟ್ಟಕಾಲಿನ ಕೈವಾರದ ಒಂದು ಮೊನೆಯನ್ನು ತಗ್ಗಿಗೆ ಇಟ್ಟು ಇನ್ನೊಂದರಿಂದ ತಗಡಿನ ಬೆನ್ನಿಗೆ ಗುರುತು ಹಾಕಿದ. ತಗಡನ್ನು ಬೋರಲು ಮಾಡಿ ಸಣ್ಣ ಕಬ್ಬಿಣದ ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಒಂದು ಏಟು ಆಚೀಚೆಯಾದರೆ ರಾಣಿಯ ಮುಖ ಹೋಯಿತು, ಪ್ರಭುಗಳು ಹೋದರು, ಐದು ವರ್ಷ ಹೋಯಿತು. ಕಾಣದ ಕಡೆಯಿಂದ, ಮಂಜು ಕವಿದ ಕಣ್ಣಿನಿಂದ, ಅವನು ಬಡಿದ. ಟಕ್ ಟಕ್ ಟಕ್. ಹೆಸ್ಟರ್ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಕರೆದಾಗ ಬಂದು ನೋಡಿದರೆ ತಗ್ಗು ಇರಲಿಲ್ಲ. ಬೆರಳಾಡಿಸಿದಳು, ಕನ್ನಡಿಯ ಹಾಗೆ ಸಮ.

"ಈಗ ಬಲಗೈ" ಎಂದ ಲೂಕ್. ಆಮೇಲೆ ತಾನೇ ಅವಳ ಕೈ ಹಿಡಿದು ಕಾಗದದ ಮೇಲಿಟ್ಟ.

ಮೊದಲ ತಿಂಗಳು ಭೂತಗನ್ನಡಿಯಿಂದ ಕಂಡಿತು. ಎರಡನೇ ತಿಂಗಳು ಬೆಳಗಿನ ಎರಡು ಗಂಟೆ ಮಾತ್ರ. ಆಮೇಲೆ ಅವನು ಕಣ್ಣು ಕೆಲಸಕ್ಕೆ ಬಾರದಾದಾಗ ಉಳಿ ಪಕ್ಕಕ್ಕಿಟ್ಟು, ಎಡಗೈಯಿಂದ ಅವಳ ಬೆರಳುಗಳನ್ನು ಮುಟ್ಟಿ ನೋಡುತ್ತಿದ್ದ, ಒಂದೊಂದು ಗೆಣ್ಣನ್ನೂ, ನರವನ್ನೂ, ಉಗುರಿನ ಅಂಚನ್ನೂ. ಮುಟ್ಟಿ ಬಂದು ಒಂದು ಗೆರೆ. ಮತ್ತೆ ಮುಟ್ಟಿ ಒಂದು ಗೆರೆ. ಒಂದೊಂದು ಗೆರೆಗೂ ಅವನ ಕಣ್ಣಿನ ಒಂದೊಂದು ಚೂರು ಹೋಗುತ್ತಿದೆಯೆಂದು ಹೆಸ್ಟರ್‌ಗೆ ಗೊತ್ತಿತ್ತು. ಸಾಕು, ಏಳು, ಎಂದು ಕೂಗಿಬಿಡಬೇಕೆನಿಸುತ್ತಿತ್ತು. ಕೂಗದೆ ಬೆರಳುಗಳಲ್ಲಿ ಕಾಗದವನ್ನು ಬಿಗಿಹಿಡಿದು ಕೂರುತ್ತಿದ್ದಳು.

"ಕೈ ಸಡಿಲ ಮಾಡ್ಲಾ?" ಎಂದು ಒಮ್ಮೆ ಕೇಳಿದಳು.

"ಬೇಡ. ಹಾಗೇ ಇರ್ಲಿ."

ಹನ್ನೊಂದನೇ ವಾರ ಮುಗಿಯಿತು. ಮತ್ತೆ ಕ್ರಿಚ್‌ನ ಅಚ್ಚಿನ ಮನೆ. ಲೂಕ್ ಈ ಸಲ ಹೆಂಡತಿಯ ತೋಳು ಹಿಡಿದು ನಡೆದ. ಮೆಟ್ಟಿಲು ಎಣಿಸಿಕೊಂಡು ಇಳಿದ. ಉರುಳೆ ನರಳಿತು, ಕ್ರಿಚ್ ಕಾಗದ ಎತ್ತಿ ಹಿಡಿದ. ಲೂಕ್‌ಗೆ ಕಂಡದ್ದು ಬೂದು ಬಣ್ಣದ ಒಂದು ಚೌಕ.

"ಏನಾಗಿದೆ ಓಬೆಡ್?"

ನಲವತ್ತು ವರ್ಷ ಅಚ್ಚು ತೆಗೆದವನು ಕಾಗದವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದ. ಹೆಸ್ಟರ್ ಹತ್ತಿರ ಹೋದಳು. ಕಿರುಬೆರಳು ಅದರ ಜಾಗದಲ್ಲಿತ್ತು, ತೋರುಬೆರಳು ಅದರ ಜಾಗದಲ್ಲಿತ್ತು. ತನ್ನ ಕೈಯನ್ನು ಪಕ್ಕದಲ್ಲಿ ಹಿಡಿಯಬೇಕೆಂದು ಎತ್ತಿದವಳು ಹಾಗೇ ಕೆಳಗಿಳಿಸಿದಳು.

"ಹೆಟ್ಟಿ, ನಿನ್ನ ಕೈ ಸರಿಯಾಗಿ ಬಂದಿದೆಯಾ?"

"ಇದು ನನ್ನ ಕೈ ಅಲ್ಲ ಲೂಕ್."

ಅವನ ಮುಖ ಬಿಳಿಚಿಕೊಂಡಿತು. "ಮತ್ತೆ ತಪ್ಪಾಯ್ತಾ? ಯಾರದು?"

"ರಾಣೀದು. ಬಲಗೈ ಎಲ್ಲಾ ಬರ್ಕೊಡ್ತಿದೆ. ಈ ಎಡಗೈ ಪತ್ರಾನ ಬಿಗಿಹಿಡಿದು ಬಿಡ್ತಿಲ್ಲ. ಕೊಡೋಲ್ಲ, ಕೊಡೋಲ್ಲ ಅಂತಿದೆ ಲೂಕ್."

ಲೂಕ್ ಅವಳ ಕೈಗಾಗಿ ತಡಕಾಡಿ ಹಿಡಿದುಕೊಂಡು, ಅಚ್ಚು ಶುರುಮಾಡಪ್ಪ ಎಂದು ಕ್ರಿಚ್‌ಗೆ ಹೇಳಿದ.